ಬ್ರೀಡರ್ ಬಿಟ್ಟ ನಾಯಿ ಮನೆಗೆ ಬಂದಾಗ

ಬೆಂಗಳೂರಿನಂಥ ಊರುಗಳಲ್ಲಿ ದತ್ತು ಕೊಡುವವರ ಬಳಿ ಐದಾರು ವರ್ಷದ ಲ್ಯಾಬ್ರಡಾರ್, ಬೀಗಲ್, ಶಿಟ್ಜು ಹೆಣ್ಣುನಾಯಿಗಳು ಬರುತ್ತಲೇ ಇರುತ್ತವೆ. ಮೊಲೆಗಳು ಜೋತುಬಿದ್ದಿರುತ್ತವೆ, ಸಿಮೆಂಟ್ ನೆಲಕ್ಕೆ ಉಜ್ಜಿ ಮೊಣಕೈ ಜಡ್ಡುಗಟ್ಟಿರುತ್ತದೆ, ಉಗುರು ಬೆಳೆದು ಬಾಗಿರುತ್ತದೆ. ಬ್ರೀಡರ್‌ಗಳು, ಅಂದರೆ ಮರಿ ಹಾಕಿಸಿ ಮಾರುವವರು, ಮರಿಗಾಗಿಯೇ ಸಾಕಿ, ಮರಿ ನಿಂತ ಮೇಲೆ ಬಿಟ್ಟ ನಾಯಿಗಳಿವು. ಕೇಂದ್ರದ 2017ರ ನಿಯಮದ ಪ್ರಕಾರ 18 ತಿಂಗಳು ತುಂಬುವ ಮೊದಲು, 8 ವರ್ಷ ದಾಟಿದ ಮೇಲೆ ಮರಿ ಹಾಕಿಸುವಂತಿಲ್ಲ. ಜೀವಮಾನಕ್ಕೆ 5 ಸೂಲು ಮೀರುವಂತಿಲ್ಲ. ನಿಯಮ ಪಾಲನೆಯಾಗಿಲ್ಲ ಎಂಬುದನ್ನು ಎಷ್ಟೋ ನಾಯಿಗಳ ಮೈಯೇ ಹೇಳುತ್ತದೆ.

ತಂದವರು ಮೊದಲ ವಾರ ಹೇಳುವ ಮಾತು: "ತುಂಬಾ ಸಾಧು ಡಾಕ್ಟ್ರೇ, ಬೊಗಳೋದೇ ಇಲ್ಲ, ಕೂರಿಸಿದ ಕಡೆ ಕೂತಿರತ್ತೆ." ಭಯದಿಂದ ಮರಗಟ್ಟಿದ ನಾಯಿಯೂ ಹಾಗೆಯೇ ಕೂರುತ್ತದೆ. ಬಾಲ ಹೊಟ್ಟೆಗೆ ಅಂಟಿದೆಯೇ, ಕಣ್ಣಿನ ಬಿಳಿ ಕಾಣುತ್ತಿದೆಯೇ, ಊಟ ಎದುರಿಲ್ಲದಿದ್ದರೂ ತುಟಿ ನೆಕ್ಕುತ್ತಿದೆಯೇ, ಸೆಕೆಯಿಲ್ಲದೆ ಏದುಸಿರು ಬಿಡುತ್ತಿದೆಯೇ ನೋಡಿ. ಇಂಥ ನಾಯಿಯನ್ನು ಎತ್ತಿ ಮುದ್ದಾಡುವುದು ಅದಕ್ಕೆ ಹಿಂಸೆ. ಜನ ಓಡಾಡದ ಮೂಲೆಯಲ್ಲಿ ಹಾಸಿಗೆ ಹಾಕಿ, ನೀರಿಟ್ಟು ಸುಮ್ಮನಿರಿ. ದಿನಕ್ಕೆರಡು ಸಲ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು, ಬೇಯಿಸಿದ ಕೋಳಿಯ ಚೂರು ಇಟ್ಟು ಎದ್ದುಬನ್ನಿ. ತಾನಾಗಿ ಬಂದು ಮೂಸಿದರೆ ಎದೆ ಸವರಿ, ತಲೆಯ ಮೇಲಿನಿಂದ ಕೈ ತರಬೇಡಿ.

ಆಸ್ಪತ್ರೆಯ ಕೆಲಸ ತಡ ಮಾಡಬೇಡಿ. ಪ್ಲೇಟ್‌ಲೆಟ್ ಎಣಿಕೆಯಿರುವ ರಕ್ತಪರೀಕ್ಷೆ, ಉಣ್ಣಿ ಕಡಿತದಿಂದ ಬರುವ ಜ್ವರದ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್, ಬ್ರೂಸೆಲ್ಲಾ ಪರೀಕ್ಷೆ, ಈ ನಾಲ್ಕೂ ಆಗಲೇಬೇಕು. ಬ್ರೂಸೆಲ್ಲಾ ಎಂದರೆ ಕೆನಲ್‌ಗಳಲ್ಲಿ (ನಾಯಿಗಳನ್ನು ಕೂಡಿಹಾಕುವ ಗೂಡುಗಳಲ್ಲಿ) ಒಂದು ನಾಯಿಯಿಂದ ಇನ್ನೊಂದಕ್ಕೆ ಹಬ್ಬಿ ಗರ್ಭಪಾತ ಮಾಡಿಸುವ ಸೋಂಕು. ಆ್ಯಂಟಿಬಯೋಟಿಕ್ ಕೊಟ್ಟರೂ ಪೂರ್ತಿ ಹೋಗುವ ಭರವಸೆಯಿಲ್ಲ, ಮನುಷ್ಯರಿಗೂ ತಗಲಬಹುದು. ವರದಿ ಬರುವವರೆಗೆ ಮೂತ್ರ, ಸ್ರಾವ ಒರೆಸುವಾಗ ಕೈಗವಸು ಹಾಕಿ. ಗರ್ಭಿಣಿಯರು, ಚಿಕ್ಕ ಮಕ್ಕಳು, ಮನೆಯ ಬೇರೆ ನಾಯಿ ದೂರವಿರಲಿ. ಲಸಿಕೆಯ ದಾಖಲೆ ಇಲ್ಲದಿದ್ದರೆ ಹೊಸದಾಗಿಯೇ ಶುರು ಮಾಡಿ.

ಸ್ಕ್ಯಾನ್ ಏಕೆಂದರೆ ಗರ್ಭಕೋಶದ ಕೀವು. ಬೆದೆ ಮುಗಿದ ನಾಲ್ಕರಿಂದ ಎಂಟು ವಾರದಲ್ಲಿ ಇದು ಹೆಚ್ಚು. ಅತಿಯಾಗಿ ನೀರು ಕುಡಿಯುವುದು, ಊಟ ಬಿಡುವುದು, ವಾಂತಿ ಇದರ ಲಕ್ಷಣ. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರೆ ಹೊರಗೆ ಸ್ರಾವವೇ ಕಾಣದು, ಅದೇ ಹೆಚ್ಚು ಅಪಾಯ. ಕೀವು ಕಂಡರೆ ಕಾಯುವಂತಿಲ್ಲ, ಗರ್ಭಕೋಶ ತೆಗೆಯಬೇಕು. ಕೀವಿಲ್ಲದಿದ್ದರೂ ಸಂತಾನಹರಣ ಬೇಕೇ ಬೇಕು, ಆದರೆ ಹೊತ್ತು ನೋಡಿ: ಬೆದೆಯಲ್ಲಿದ್ದಾಗ ರಕ್ತಸ್ರಾವ ಜಾಸ್ತಿ, ಮೊಲೆಯಲ್ಲಿ ಹಾಲಿದ್ದಾಗ ಮಾಡಿದರೆ ಹಾಲು ನಿಲ್ಲದೆ ಸತಾಯಿಸುತ್ತದೆ. ಬೆದೆ ಮುಗಿದು ಸುಮಾರು ಮೂರು ತಿಂಗಳಾಗಿ, ಮೊಲೆ ಒಣಗಿರುವಾಗ ಮಾಡಿಸುವುದು ಒಳ್ಳೆಯದು. ಎಲ್ಲ ಮೊಲೆಗಳನ್ನೂ ತಿಂಗಳಿಗೊಮ್ಮೆ ಬೆರಳಲ್ಲಿ ಒತ್ತಿ ನೋಡಿ. ಕಡಲೆಕಾಳಿನಷ್ಟು ಗಂಟು ಸಿಕ್ಕರೂ ಹಾಲುಗಂಟೆಂದು ಬಿಡದೆ ತೋರಿಸಿ. ಚಿಕ್ಕದಿರುವಾಗ ತೆಗೆದರೆ ಬದುಕುವ ಅವಕಾಶ ಹೆಚ್ಚು.

ತಪ್ಪಿಸಿಕೊಂಡು ಕಳೆದುಹೋಗುವುದು ಮೊದಲ ವಾರಗಳಲ್ಲೇ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಕತ್ತಿನ ಬೆಲ್ಟ್ ಕಳಚುತ್ತದೆ, ಹೆಸರು ಕೂಗಿದರೆ ಬರಲು ಅದಕ್ಕೆ ಹೆಸರೇ ಗೊತ್ತಿರುವುದಿಲ್ಲ. ಬೆಲ್ಟಿಗೊಂದು, ಹಾರ್ನೆಸ್ಸಿಗೊಂದು (ಎದೆಗೆ ಸುತ್ತುವ ಪಟ್ಟಿ) ಎರಡು ಲೀಶ್, ಅಂದರೆ ಹಿಡಿಯುವ ಹಗ್ಗ, ಹಾಕಿ. ಬಾಗಿಲು ತೆರೆಯುವ ಮುನ್ನ ಲೀಶ್ ಕೈಯಲ್ಲಿರಲಿ.

ಮಲಗಿದ ಜಾಗದಲ್ಲೇ ಮೂತ್ರ ಮಾಡುವುದು ಗೂಡಿನಲ್ಲಿ ಬೇರೆ ದಾರಿಯಿಲ್ಲದೆ ಕಲಿತದ್ದು. ಎದ್ದ ತಕ್ಷಣ, ಉಂಡ ಮೇಲೆ, ಹಗಲಲ್ಲಿ ಎರಡು ಗಂಟೆಗೊಮ್ಮೆ ಒಂದೇ ಜಾಗಕ್ಕೆ ಕರೆದೊಯ್ದು, ಮಾಡಿದ ಕ್ಷಣವೇ ತಿನಿಸು ಕೊಡಿ. ಬೈದರೆ ಕದ್ದು ಮಂಚದ ಕೆಳಗೆ ಮಾಡುವುದನ್ನು ಕಲಿಯುತ್ತದೆ. ಫಿನೈಲ್ ಬೇಡ: ಅಡಿಪಾದ ನೆಕ್ಕಿದರೆ ವಿಷ, ಮೂತ್ರದ ವಾಸನೆಯೂ ಉಳಿಯುತ್ತದೆ. ಎನ್‌ಜೈಮ್ ಇರುವ ಕ್ಲೀನರ್ ಬಳಸಿ. ನುಣುಪು ಟೈಲ್ಸ್ ಮೇಲೆ ಹಾಸಿಗೆಯಿಂದ ನೀರಿನ ಬಟ್ಟಲವರೆಗೆ ರಬ್ಬರ್ ಮ್ಯಾಟ್ ಹಾಸಿ. ಮೆಟ್ಟಿಲು ಕಂಡೇ ಇರುವುದಿಲ್ಲ, ಕೊನೆಯ ಒಂದೇ ಮೆಟ್ಟಿಲಿನಿಂದ ಕಲಿಸಿ. ಕುಕ್ಕರ್ ಕೂಗು, ಮಿಕ್ಸಿ ಸದ್ದು ಶುರುವಾಗುವಾಗ ದೂರದ ಕೋಣೆಯಲ್ಲಿ ತಿನ್ನಲು ಏನಾದರೂ ಕೊಟ್ಟಿರಿ.

ಕೆಲವು ತಿಂಗಳ ಮೇಲೆ ಒಂದು ದಿನ ಕರೆಗಂಟೆಗೆ ಬೊಗಳುತ್ತದೆ. "ಸಾಧುವಾಗಿತ್ತು, ಈಗ ಕೆಟ್ಟಿದೆ" ಎಂದು ಹೇಳುವವರುಂಟು. ಮನೆ ತನ್ನದೆಂದು ಅದಕ್ಕೆ ಅನ್ನಿಸತೊಡಗಿದೆ, ಗದರಬೇಡಿ.