ಓದುಗರ ಪ್ರಶ್ನೆ: ಮಿಕ್ಸ್‌ಗೆ ‘ಅನಲಾಗ್’ ಸದ್ದು ಬೇಕು, ಯಾವ ಪ್ಲಗಿನ್ ಲೈಬ್ರರಿ ತಗೊಳ್ಳಲಿ?

ಪ್ರಶ್ನೆ: ನಾನು ಕಂಪ್ಯೂಟರಿನಲ್ಲೇ ಹಾಡು ಮಿಕ್ಸ್ ಮಾಡುತ್ತೇನೆ. ಎಷ್ಟು ತಿದ್ದಿದರೂ ಸದ್ದು ತೆಳ್ಳಗೆ, ಒಣಒಣ ಅನ್ನಿಸುತ್ತದೆ. ಅನಲಾಗ್ ಎಮ್ಯುಲೇಶನ್ ಪ್ಲಗಿನ್ (ಹಳೆಯ ಸ್ಟುಡಿಯೋ ಯಂತ್ರಗಳ ಸದ್ದನ್ನು ನಕಲು ಮಾಡುವ ಚಿಕ್ಕ ಸಾಫ್ಟ್‌ವೇರ್) ಹಾಕಿದರೆ ಮೈದುಂಬಿಕೊಳ್ಳುತ್ತದೆ ಅಂತಾರೆ. ಆದರೆ ನೂರಾರು ಲೈಬ್ರರಿಗಳಿವೆ, ಎಲ್ಲವೂ ಒಂದೇ ಮಾತು ಹೇಳುತ್ತವೆ. ಯಾವುದನ್ನು ತಗೊಳ್ಳಲಿ?

ಉತ್ತರ: ಸದ್ಯಕ್ಕೆ ಯಾವುದನ್ನೂ ತಗೊಳ್ಳಬೇಡಿ. ದುಡ್ಡು ಜೇಬಿನಲ್ಲೇ ಇರಲಿ. ಕೆಲವು ವಾರ ಉಚಿತ ಪ್ಲಗಿನ್‌ಗಳಲ್ಲೇ ಕೆಲಸ ಮಾಡಿ ನೋಡಿ. ಆಮೇಲೂ ಏನೋ ಕಮ್ಮಿ ಅನ್ನಿಸಿದರೆ, ಆ ‘ಏನೋ’ ಯಾವುದು ಅನ್ನೋದು ಅಷ್ಟರಲ್ಲಿ ನಿಮಗೇ ಗೊತ್ತಾಗಿರುತ್ತದೆ. ಅಲ್ಲಿಂದ ಮುಂದೆ ಆಯ್ಕೆ ಸುಲಭ.

ಹೀಗೆ ಹೇಳಲು ಕಾರಣ ನನ್ನದೇ ಒಂದು ಪೆದ್ದುತನ. ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಬಂಡಲ್ ಕೊಂಡೆ. ಹಳೆಯ ಮಿಕ್ಸಿಂಗ್ ಕನ್ಸೋಲಿನ (ಎಲ್ಲ ಟ್ರ್ಯಾಕ್‌ಗಳನ್ನೂ ಕೂಡಿಸುವ ಯಂತ್ರದ) ನಕಲು ಅದು. ಮೂವತ್ತು ಚಿಲ್ಲರೆ ಟ್ರ್ಯಾಕ್‌ಗಳಿಗೂ ಒಂದೊಂದು ಹಾಕಿದೆ, ಟ್ರ್ಯಾಕ್‌ಗಳು ಕೂಡುವ ಗ್ರೂಪ್‌ಗಳಿಗೆ ಹಾಕಿದೆ, ಕೊನೆಗೆ ಎಲ್ಲವೂ ಸೇರುವ ಮಾಸ್ಟರ್‌ಗೂ ಹಾಕಿದೆ. ಹಾಡು ಒಮ್ಮೆಲೇ ಎದ್ದು ನಿಂತಿತು. ರಾತ್ರಿಯೆಲ್ಲಾ ಆನ್ ಮಾಡಿ, ಆಫ್ ಮಾಡಿ ಕೇಳಿದ್ದೇ ಕೇಳಿದ್ದು. ಮರುದಿನ ಒಬ್ಬ ಗೆಳೆಯ ಬಂದು ಕೇಳಿ, ಮಾತಾಡದೆ ಮಾಸ್ಟರ್ ಮೇಲಿನ ಪ್ಲಗಿನ್‌ನಿಂದ ಹೊರಬರುವ ಮಟ್ಟವನ್ನು ಒಂದೂವರೆ ಡೆಸಿಬಲ್ ಕೆಳಗಿಳಿಸಿದ. ‘ಈಗ ಆನ್-ಆಫ್ ಮಾಡು’ ಅಂದ. ಮಾಡಿದೆ. ಮ್ಯಾಜಿಕ್ಕು ಮಾಯ. ಚಾನಲ್‌ನಲ್ಲಿ ಅರ್ಧ, ಗ್ರೂಪಿನಲ್ಲಿ ಅರ್ಧ, ಮಾಸ್ಟರ್‌ನಲ್ಲಿ ಅರ್ಧ ಡೆಸಿಬಲ್ ಏರಿತ್ತು, ಅಷ್ಟೇ. ನಾನು ದುಡ್ಡು ಕೊಟ್ಟು ಕೊಂಡದ್ದು ಬಹುಪಾಲು ವಾಲ್ಯೂಮು.

ಇದು ಕಿವಿಯ ತಪ್ಪಲ್ಲ, ಅದರ ಸ್ವಭಾವ. ಸದ್ದು ಜೋರಾದಂತೆ ತಗ್ಗು ಸ್ವರಗಳು ಉಳಿದವುಗಳಿಗಿಂತ ಬೇಗ ತುಂಬಿಕೊಂಡು ಕೇಳಿಸುತ್ತವೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ವಿಜ್ಞಾನಿಗಳು ಇದನ್ನು 1933ರಲ್ಲೇ ಅಳೆದು ಗೆರೆ ಎಳೆದು ತೋರಿಸಿದ್ದರು. ಹಾಗಾಗಿ ಒಂದು ಡೆಸಿಬಲ್ ಜೋರಾದ ಮಿಕ್ಸ್ ನಮಗೆ ‘ಜೋರಾಗಿದೆ’ ಅನ್ನಿಸುವುದಿಲ್ಲ, ‘ಚೆನ್ನಾಗಿದೆ’ ಅನ್ನಿಸುತ್ತದೆ. ಡೆಮೊಗಳಲ್ಲಿ ಕೇಳುವ ‘ಮೊದಲು’ ಮತ್ತು ‘ಆಮೇಲೆ’ಗಳಲ್ಲಿ ಇದರ ಪಾಲು ಎಷ್ಟಿದೆ ಅನ್ನೋದನ್ನು ನೀವೇ ಊಹಿಸಿ.

ಹಾಗಾದರೆ ಅನಲಾಗ್ ಅನ್ನೋದೆಲ್ಲ ಸುಳ್ಳಾ? ಇಲ್ಲ. ಮಟ್ಟ ಸಮ ಮಾಡಿದ ಮೇಲೂ ಒಂದಿಷ್ಟು ಉಳಿಯುತ್ತದೆ. ಆ ಒಂದಿಷ್ಟು ಏನು ಅಂತ ತಿಳಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಬೇಸ್ ಗಿಟಾರಿನ ಬದಲು 100 ಹರ್ಟ್ಸ್‌ನ ಒಂದು ಶುದ್ಧ ಸ್ವರ ಇದೆ ಅಂದುಕೊಳ್ಳಿ. ವ್ಯಾಕ್ಯೂಮ್ ಟ್ಯೂಬ್, ಟ್ರಾನ್ಸ್‌ಫಾರ್ಮರ್, ಟೇಪ್ ಇವುಗಳಲ್ಲಿ ಯಾವುದರೊಳಗೆ ಹಾಯಿಸಿದರೂ ಅಲೆಯ ಆಕಾರ ಚೂರು ಸೊಟ್ಟಗಾಗುತ್ತದೆ. ಸೊಟ್ಟಗಾಯಿತು ಅಂದರೆ 200, 300, 400 ಹರ್ಟ್ಸ್‌ಗಳಲ್ಲಿ ಹೊಸ ಸ್ವರಗಳು ಹುಟ್ಟಿದವು ಅಂತ. ಇವೇ ಹಾರ್ಮೋನಿಕ್‌ಗಳು. ಫೋನಿನ ಪುಟಾಣಿ ಸ್ಪೀಕರಿಗೆ 100 ಹರ್ಟ್ಸ್ ನುಡಿಸುವ ತಾಕತ್ತಿಲ್ಲ. ಆದರೆ ಅದರ ಮೇಲಿನ ಹಾರ್ಮೋನಿಕ್‌ಗಳು ಕೇಳಿಸಿದರೆ ಸಾಕು, ತಳದ ಸ್ವರವನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ. ‘ಬೆಚ್ಚಗಿದೆ’, ‘ತುಂಬಿಕೊಂಡಿದೆ’ ಅಂತ ನಾವು ಹೊಗಳುವುದರಲ್ಲಿ ದೊಡ್ಡ ಪಾಲು ಈ ಚೂರು ಸೊಟ್ಟತನದ್ದು. ಎರಡನೆಯ ಹಾರ್ಮೋನಿಕ್ ಮೂಲ ಸ್ವರಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲೆ ಇರುತ್ತದೆ, ಅಂದರೆ ಮೇಲಿನ ಷಡ್ಜ. ಮೂರನೆಯದು ಅದರ ಮೇಲಿನ ಪಂಚಮ. ಅದಕ್ಕೇ ಇವು ಬೇಸುರಾಗಿ ಕೇಳುವುದಿಲ್ಲ.

ಪ್ಲಗಿನ್‌ನಲ್ಲಿ ಕಷ್ಟ ಶುರುವಾಗುವುದು ಇಲ್ಲೇ. 44.1 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಿನಲ್ಲಿ, ಅಂದರೆ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆಯುವಾಗ, ಅದರ ಅರ್ಧವಾದ 22.05 ಕಿಲೋಹರ್ಟ್ಸ್‌ಗಿಂತ ಮೇಲಿನದಕ್ಕೆ ಜಾಗವೇ ಇಲ್ಲ. 9 ಕಿಲೋಹರ್ಟ್ಸ್‌ನ ಸದ್ದನ್ನು ಸೊಟ್ಟ ಮಾಡಿದಿರಿ ಅನ್ನಿ. ಮೂರನೇ ಹಾರ್ಮೋನಿಕ್ 27 ಆಗಬೇಕು. ಜಾಗ ಇಲ್ಲವಲ್ಲ, ಮಡಚಿಕೊಂಡು 17.1ಕ್ಕೆ ಬಂದು ಕೂರುತ್ತದೆ. ಐದನೆಯದು 45 ಆಗಬೇಕಿತ್ತು, ಅದು 900 ಹರ್ಟ್ಸ್‌ಗೆ ಬಂದು ಬೀಳುತ್ತದೆ! ಸಿಂಬಲ್ ಬಾರಿಸಿದರೆ ಹಾಡುಗಾರನ ದನಿಯ ನಡುವೆ ಸಂಬಂಧವೇ ಇಲ್ಲದ ಒಂದು ಸ್ವರ. ಇದನ್ನು ಅಲಿಯಾಸಿಂಗ್ ಅನ್ನುತ್ತಾರೆ. ಅಸಲಿ ಯಂತ್ರದಲ್ಲಿ ಈ ರೋಗ ಇಲ್ಲ. ಒಂದು ಟ್ರ್ಯಾಕಿನಲ್ಲಿ ಇದು ಕಿವಿಗೆ ಸಿಗದೇ ಹೋಗಬಹುದು. ಇಪ್ಪತ್ತು ಟ್ರ್ಯಾಕ್ ಸೇರಿದಾಗ ಮೇಲೆಲ್ಲ ಒಂಥರಾ ಮರಳು ಚೆಲ್ಲಿದ ಹಾಗೆ ಆಗುತ್ತದೆ. ‘ಅನಲಾಗ್ ಹಾಕಿದೆ, ಆದರೂ ಗಡುಸು’ ಅನ್ನುವವರು ಮೊದಲು ಇದನ್ನು ನೋಡಬೇಕು.

ಪರೀಕ್ಷೆ ಸುಲಭ. ಟ್ರ್ಯಾಕಿನಲ್ಲಿ ತಗ್ಗಿನಿಂದ ಏರುತ್ತಾ ಹೋಗುವ ಸೈನ್ ಟೋನ್ (ಶುದ್ಧ ಸ್ವರ) ಹಾಕಿ. ಅದರ ಮುಂದೆ ಪ್ಲಗಿನ್, ಅದರಾಚೆ ಸ್ಪೆಕ್ಟ್ರಮ್ ಅನಲೈಸರ್ (ಯಾವ ಸ್ವರ ಎಷ್ಟಿದೆ ಅಂತ ಗೆರೆಗಳಲ್ಲಿ ತೋರಿಸುವ ಸಾಧನ). ಟೋನ್ ಏರಿದಂತೆ ಹಾರ್ಮೋನಿಕ್ ಗೆರೆಗಳೂ ಬಲಕ್ಕೆ ಸರಿಯಬೇಕು. ಬಲಗೋಡೆಗೆ ಬಡಿದು ಎಡಕ್ಕೆ ವಾಪಸ್ ಬರುವ ಗೆರೆಗಳು ಕಂಡರೆ ಅದೇ ಅಲಿಯಾಸಿಂಗ್. ಪ್ಲಗಿನ್‌ನಲ್ಲಿ ಓವರ್‌ಸ್ಯಾಂಪ್ಲಿಂಗ್ (ಒಳಗೊಳಗೇ ಸ್ಯಾಂಪಲ್ ರೇಟ್ ಏರಿಸಿ ಲೆಕ್ಕ ಮಾಡುವುದು) ಅಂತ ಬಟನ್ ಇದ್ದರೆ 4 ಪಟ್ಟು, 8 ಪಟ್ಟು ಮಾಡಿ ನೋಡಿ, ಗೆರೆಗಳು ಸಣ್ಣಗಾಗುತ್ತವೆ. ಕಂಪ್ಯೂಟರಿಗೆ ಭಾರ ಜಾಸ್ತಿ ಆಗುತ್ತದೆ, ಸದ್ದು ಹೊರಬರುವುದು ತಡವೂ ಆಗಬಹುದು. ಹಾಗಾಗಿ ಹಾಡು ಎಡಿಟ್ ಮಾಡುವಾಗ ಕಮ್ಮಿ, ಕೊನೆಗೆ ಹಾಡನ್ನು ಫೈಲ್ ಆಗಿ ರೆಂಡರ್ ಮಾಡುವಾಗ ಜಾಸ್ತಿ ಇಡಲು ಬಿಡುವ ಪ್ಲಗಿನ್ ನನಗಿಷ್ಟ.

ಈಗ ‘ಲೈಬ್ರರಿ’ ಅನ್ನುವ ಮಾತಿಗೆ ಬರೋಣ. ಅನಲಾಗ್ ಯಂತ್ರವನ್ನು ನಕಲು ಮಾಡುವ ದಾರಿಗಳು ಮುಖ್ಯವಾಗಿ ಎರಡು. ಒಂದು, ಸರ್ಕ್ಯೂಟಿನ ಒಂದೊಂದು ಭಾಗವನ್ನೂ ಗಣಿತಕ್ಕಿಳಿಸುವುದು. ಇನ್ನೊಂದು, ಯಂತ್ರದೊಳಗೆ ಸದ್ದು ಹಾಯಿಸಿ ಅದು ಹೇಗೆ ಬದಲಾಯಿತು ಅನ್ನುವುದನ್ನೇ ಸ್ಯಾಂಪಲ್ ಮಾಡಿಡುವುದು. ರಿವರ್ಬ್‌ಗೆ (ಕೋಣೆಯ ಅನುರಣನೆಗೆ) ಬಳಸುವ ಸಾದಾ ಇಂಪಲ್ಸ್ ರೆಸ್ಪಾನ್ಸ್, ಅಂದರೆ ಒಂದು ಚಿಟಿಕೆಯಂಥ ಸದ್ದಿಗೆ ಬಂದ ಪ್ರತಿಕ್ರಿಯೆಯ ದಾಖಲೆ, ಇದಕ್ಕೆ ಸಾಲದು. ಅದರಲ್ಲಿ ಈಕ್ಯುವಿನ (ಯಾವ ಸ್ವರ ಏರಿತು, ಯಾವುದು ಇಳಿಯಿತು ಅನ್ನುವುದರ) ಆಕಾರ ಸಿಗುತ್ತದೆ, ಸೊಟ್ಟತನ ಸಿಗುವುದಿಲ್ಲ. ಅದಕ್ಕಾಗಿ ಅಕುಸ್ತಿಕಾ ಆಡಿಯೋದವರ ನೆಬ್ಯುಲಾ ಅನ್ನುವ ಪ್ಲಗಿನ್, ವೋಲ್ಟೆರಾ ಸರಣಿ ಅನ್ನುವ ಗಣಿತ ಹಿಡಿದು ಹಾರ್ಮೋನಿಕ್‌ಗಳನ್ನೂ ಸೆರೆಹಿಡಿಯುತ್ತದೆ. ಆ ಎಂಜಿನ್‌ಗೆ ಬೇರೆಯವರೂ ತಮ್ಮ ತಮ್ಮ ಯಂತ್ರಗಳನ್ನು ಸ್ಯಾಂಪಲ್ ಮಾಡಿ ಲೈಬ್ರರಿಗಳನ್ನು ಮಾಡಿದ್ದಾರೆ. ಈಕ್ಯು, ಪ್ರಿಆಂಪ್‌ಗಳಿಗೆ (ಮೈಕಿನ ಸಣ್ಣ ಸದ್ದನ್ನು ಏರಿಸುವ ಯಂತ್ರಗಳಿಗೆ) ಈ ದಾರಿ ಚೆನ್ನಾಗಿ ಒಗ್ಗುತ್ತದೆ. ಆದರೆ ಭಾರ ಜಾಸ್ತಿ, ತಡ ಜಾಸ್ತಿ. ಹಾಡುತ್ತಾ ರೆಕಾರ್ಡ್ ಮಾಡುವಾಗ ಇಂಥದ್ದನ್ನು ಆನ್ ಮಾಡಿ ಇಟ್ಟುಕೊಳ್ಳುವುದು ಕಷ್ಟ. ಪಟ್ಟನೆ ಹಿಡಿದು ಪಟ್ಟನೆ ಬಿಡುವ ಕಂಪ್ರೆಸರ್ (ಜೋರಾದ ಸದ್ದನ್ನು ತಾನೇ ಅದುಮುವ ಯಂತ್ರ) ಬೇಕಾದಾಗ ನಾನು ಸರ್ಕ್ಯೂಟ್ ಮಾಡೆಲ್ ಕಡೆಗೇ ಹೋಗುತ್ತೇನೆ.

ಯಾವ ಯಂತ್ರದ ನಕಲು ಬೇಕು? ಹೆಸರುಗಳು ನೂರಿದ್ದರೂ ಎಲ್ಲರೂ ಸುತ್ತಿ ಬರುವುದು ಅವೇ ನಾಲ್ಕೈದು ಯಂತ್ರಗಳ ಹತ್ತಿರ. 1967ರ ಯುನಿವರ್ಸಲ್ ಆಡಿಯೋ 1176 ಕಂಪ್ರೆಸರನ್ನು ನೋಡಿ. ಬಿಲ್ ಪಟ್ನಮ್ ಮಾಡಿದ್ದು. ಅತಿ ವೇಗದಲ್ಲಿಟ್ಟರೆ 20 ಮೈಕ್ರೋಸೆಕೆಂಡಿನಲ್ಲಿ ಹಿಡಿಯುತ್ತದೆ, ಅಂದರೆ ಡ್ರಮ್ ಕೋಲು ತಾಗುವ ಹೊತ್ತಿಗೆ ಕೆಲಸ ಶುರು. ಹೊಸಬರು ಎಡವುವ ಒಂದು ವಿಷಯ: ಇದರ ಅಟ್ಯಾಕ್ (ಹಿಡಿಯುವ ವೇಗ), ರಿಲೀಸ್ (ಬಿಡುವ ವೇಗ) ನಾಬ್‌ಗಳು ಉಲ್ಟಾ. ಪೂರ್ತಿ ಬಲಕ್ಕೆ ತಿರುಗಿಸಿದರೆ ಅತಿ ವೇಗ. ‘ಡ್ರಮ್ ಸತ್ತ ಹಾಗಿದೆ’ ಅಂತ ನಕಲನ್ನು ಬೈಯುವ ಮೊದಲು ನಾಬ್ ಎತ್ತ ತಿರುಗಿದೆ ನೋಡಿಕೊಳ್ಳಿ.

ಟೆಲೆಟ್ರಾನಿಕ್ಸ್ ಎಲ್‌ಎ-2ಎ ಅನ್ನುವ ಕಂಪ್ರೆಸರ್ ಇದರ ತದ್ವಿರುದ್ಧ. ಒಳಗೆ ಒಂದು ಬೆಳಕಿನ ಫಲಕ, ಅದರೆದುರು ಬೆಳಕಿಗೆ ಸ್ಪಂದಿಸುವ ರೆಸಿಸ್ಟರ್. ಹಾಡು ಜೋರಾದರೆ ಫಲಕ ಬೆಳಗುತ್ತದೆ, ಗೇನ್ ಇಳಿಯುತ್ತದೆ. ಬಿಡುವಾಗ ಅರ್ಧದಷ್ಟನ್ನು ಸುಮಾರು 60 ಮಿಲಿಸೆಕೆಂಡಿನಲ್ಲಿ ಬಿಟ್ಟು, ಉಳಿದರ್ಧವನ್ನು ಆರಾಮಾಗಿ, ಕೆಲವೊಮ್ಮೆ ಸೆಕೆಂಡುಗಟ್ಟಲೆ ತಗೊಂಡು ಬಿಡುತ್ತದೆ. ಎಷ್ಟು ಹೊತ್ತು ಅದುಮಿದ್ದಿರಿ ಅನ್ನುವುದರ ಮೇಲೆ ಅದು ನಿಂತಿದೆ. ಹಾಡಿನ ದನಿಗೆ ಇದು ಹೇಳಿ ಮಾಡಿಸಿದ್ದು. ನಕಲು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಗೊತ್ತಾಗುವುದೂ ಈ ಬಿಡುವ ರೀತಿಯಲ್ಲೇ. ಒಂದು ಉದ್ದದ ಆಲಾಪ ಮುಗಿದ ಕೂಡಲೇ ಬರುವ ಉಸಿರಿನ ಸದ್ದನ್ನು ಗಮನಿಸಿ. ಉಸಿರು ಧಡಕ್ಕನೆ ಮೇಲೆ ಹಾರಿ ಬಂದರೆ ಅದು ಚಿತ್ರ ಮಾತ್ರ ಎಲ್‌ಎ-2ಎ. ಮೆಲ್ಲಗೆ ಎದ್ದು ಬಂದರೆ ಒಳಗೂ ಏನೋ ಕೆಲಸ ಮಾಡಿದ್ದಾರೆ.

ಈಕ್ಯುಗಳಲ್ಲಿ ಪುಲ್ಟೆಕ್ ಇಕ್ಯೂಪಿ-1ಎ ನಕಲು ಒಂದಿದ್ದರೆ ಸಾಕು ಅನ್ನುವಷ್ಟು ಕೆಲಸ ಆಗುತ್ತದೆ. ತಗ್ಗು ಸ್ವರಕ್ಕೆ ಏರಿಸುವ ನಾಬ್ ಬೇರೆ, ಇಳಿಸುವ ನಾಬ್ ಬೇರೆ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಒಂದನ್ನೊಂದು ಹೊಡೆದುಹಾಕುವುದಿಲ್ಲ. ತಳ ಉಬ್ಬಿ, ಅದರ ಸ್ವಲ್ಪ ಮೇಲೆ ಒಂದು ತಗ್ಗು ಬೀಳುತ್ತದೆ. 60 ಹರ್ಟ್ಸ್‌ನಲ್ಲಿಟ್ಟು ಕಿಕ್ ಡ್ರಮ್ ಮೇಲೆ ಮಾಡಿ ನೋಡಿ, ತಳವೂ ಸಿಗುತ್ತದೆ, ಗೊಜಗೊಜವೂ ಹೋಗುತ್ತದೆ. ನಿಜ ಹೇಳಬೇಕೆಂದರೆ ಈ ಆಕಾರವನ್ನು ಮಾಮೂಲಿ ಡಿಜಿಟಲ್ ಈಕ್ಯುವಿನಲ್ಲೂ ಬರೆಯಬಹುದು. ಆದರೆ ಬರೆಯಬೇಕು ಅಂತ ಹೊಳೆಯುವುದಿಲ್ಲ ಅಲ್ವಾ? ಯಂತ್ರದ ನಕಲಿನ ದೊಡ್ಡ ಲಾಭ ಒಮ್ಮೊಮ್ಮೆ ಸದ್ದಿನಲ್ಲಿರುವುದಿಲ್ಲ, ನಾಬ್‌ಗಳು ಕಮ್ಮಿ ಇರುವುದರಲ್ಲಿರುತ್ತದೆ.

ಉಚಿತವಾದವು ಬೇಕೆಂದರೆ ಚೌ ಟೇಪ್ ಮಾಡೆಲ್ ಇದೆ, ಓಪನ್ ಸೋರ್ಸ್. ಕ್ಲಾಂಗ್‌ಹೆಲ್ಮ್‌ನ ಐವಿಜಿಐ ಸ್ಯಾಚುರೇಶನ್‌ಗೆ, ಅಂದರೆ ಆ ಸೊಟ್ಟತನಕ್ಕೆ, ಚೆನ್ನ. ಏರ್‌ವಿಂಡೋಸ್‌ನಲ್ಲಿ ನೂರಾರು ಪ್ಲಗಿನ್‌ಗಳಿವೆ, ಒಂದಕ್ಕೂ ಚೆಂದದ ಮುಖ ಇಲ್ಲ, ಬರೀ ಸ್ಲೈಡರ್‌ಗಳು. ಅದೇ ಒಳ್ಳೆಯದು. ತುಕ್ಕು ಹಿಡಿದ ಸ್ಕ್ರೂ, ನಡುಗುವ ಮುಳ್ಳು ಇವೆಲ್ಲ ಇದ್ದರೆ ಕಣ್ಣು ಕಿವಿಗೆ ಸುಳ್ಳು ಹೇಳುತ್ತದೆ.

ಪ್ಲಗಿನ್ ಯಾವುದೇ ಇರಲಿ, ಒಳಗೆ ಎಷ್ಟು ಮಟ್ಟದ ಸದ್ದು ಕಳಿಸುತ್ತೀರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಅನಲಾಗ್ ಯಂತ್ರದ ಮೀಟರಿನಲ್ಲಿ 0 ವಿಯು ಅಂದರೆ ಆರಾಮದ ಮಟ್ಟ, ಅದರ ಮೇಲೆ ಇನ್ನೂ ಬೇಕಾದಷ್ಟು ಜಾಗ ಇರುತ್ತದೆ. ಡಿಜಿಟಲ್‌ನಲ್ಲಿ 0 ಅಂದರೆ ಸೀಲಿಂಗು. ಬಹಳಷ್ಟು ಎಮ್ಯುಲೇಶನ್‌ಗಳು ಮೈನಸ್ 18 ಡಿಬಿಎಫ್‌ಎಸ್ (ಆ ಸೀಲಿಂಗಿಗಿಂತ 18 ಡೆಸಿಬಲ್ ಕೆಳಗೆ) ಅನ್ನು 0 ವಿಯು ಅಂತ ಇಟ್ಟುಕೊಂಡಿರುತ್ತವೆ. ನೀವು ಸೀಲಿಂಗಿಗೆ ತಾಗುವ ಹಾಗೆ ರೆಕಾರ್ಡ್ ಮಾಡಿದ ಗಿಟಾರನ್ನು ಹಾಗೇ ಒಳಗೆ ತಳ್ಳಿದರೆ, ಅಸಲಿ ಯಂತ್ರದ ಕುತ್ತಿಗೆ ಹಿಸುಕಿದ ಹಾಗೆ. ಆಮೇಲೆ ‘ಈ ಪ್ಲಗಿನ್ ಬರೀ ಕರ್ಕಶ’ ಅಂತ ದೂರು. ಮೊದಲು ಗೇನ್ ಇಳಿಸಿ, ಸರಾಸರಿ ಮಟ್ಟವನ್ನು ಮೈನಸ್ 18ರ ಆಸುಪಾಸಿಗೆ ತನ್ನಿ. ಅಲ್ಲಿಂದ ಬೇಕೆಂದೇ 3 ಡೆಸಿಬಲ್, 6 ಡೆಸಿಬಲ್ ಏರಿಸಿ ಕೇಳಿ. ಒಳ್ಳೆಯ ನಕಲು ಮೆಲ್ಲಮೆಲ್ಲಗೆ ಬಣ್ಣ ಬದಲಿಸುತ್ತದೆ. ಸೋಮಾರಿ ನಕಲು ಒಂದು ಹಂತದವರೆಗೆ ಏನೂ ಮಾಡದೆ, ಆಮೇಲೆ ಒಮ್ಮೆಲೇ ಒಡೆಯುತ್ತದೆ.

ಇನ್ನೊಂದು ಸಣ್ಣ ಕಿರಿಕಿರಿ: ಕೆಲವು ಪ್ಲಗಿನ್‌ಗಳಲ್ಲಿ ‘ಅಸಲಿತನ’ಕ್ಕೆ ಅಂತ ಹಿಸ್ಸು, ಗುಂಯ್‌ಗುಟ್ಟುವಿಕೆ ಮೊದಲೇ ಆನ್ ಆಗಿರುತ್ತದೆ. ಒಂದರಲ್ಲಿ ಕೇಳಿಸುವುದೇ ಇಲ್ಲ. 32 ಟ್ರ್ಯಾಕಿನಲ್ಲಿ ಹಾಕಿದರೆ ಆ ಹಿಸ್ಸು 15 ಡೆಸಿಬಲ್ ಏರಿರುತ್ತದೆ. ಆ ಸ್ವಿಚ್ ಹುಡುಕಿ ಆಫ್ ಮಾಡಿ.

ದುಡ್ಡು ಕೊಡುವ ಹಂತಕ್ಕೆ ಬಂದಾಗ ಟ್ರಯಲ್ ತಗೊಂಡು, ನಿಮ್ಮದೇ ಹಾಡಿನ ಎರಡು ಪ್ರತಿ ರೆಂಡರ್ ಮಾಡಿ. ಒಂದರಲ್ಲಿ ಪ್ಲಗಿನ್ ಇರಲಿ, ಇನ್ನೊಂದರಲ್ಲಿ ಬೇಡ. ಲೌಡ್‌ನೆಸ್ ಮೀಟರ್ ಹಿಡಿದು ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ. ಕಣ್ಣು ಮುಚ್ಚಿ ಕೂತು, ಬೇರೆ ಯಾರಿಗಾದರೂ ಬದಲಿಸಲು ಹೇಳಿ. ಹತ್ತು ಸಲ ಕೇಳಿ, ಯಾವುದು ಯಾವುದು ಅಂತ ಬರೆದಿಡಿ. ಐದಾರು ಸರಿ ಬಂದರೆ ಅದು ನಾಣ್ಯ ಚಿಮ್ಮಿದ್ದಕ್ಕೆ ಸಮ. ಎಂಟೊಂಬತ್ತು ಸರಿ ಬಂದು, ಪ್ಲಗಿನ್ ಇದ್ದದ್ದೇ ಇಷ್ಟವಾದರೆ ಮಾತ್ರ ಮುಂದಿನ ಮಾತು. ಎರಡರಲ್ಲಿ ಒಂದರ ಫೇಸ್ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ಕೂಡಿಸಿ, ಉಳಿದದ್ದನ್ನು ಕೇಳುವ ನಲ್ ಟೆಸ್ಟ್ ಕೂಡ ಜನ ಮಾಡುತ್ತಾರೆ. ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಫೇಸ್ ಒಂದಿಷ್ಟು ಹೊರಳಿದರೂ ದೊಡ್ಡ ಸದ್ದು ಉಳಿಯುತ್ತದೆ, ಕಿವಿಗೆ ಅದರ ವ್ಯತ್ಯಾಸವೇ ಗೊತ್ತಾಗಿರುವುದಿಲ್ಲ. ಲೈಸೆನ್ಸ್ ಒಮ್ಮೆ ಕೊಂಡರೆ ಮುಗಿಯಿತೋ, ತಿಂಗಳು ತಿಂಗಳು ಕಟ್ಟಬೇಕೋ ನೋಡಿಕೊಳ್ಳಿ. ಚಂದಾ ನಿಂತ ದಿನ ಹಳೆಯ ಪ್ರಾಜೆಕ್ಟ್ ತೆರೆದರೆ ಅರ್ಧ ಪ್ಲಗಿನ್ ಕಾಣೆಯಾಗಿರುತ್ತವೆ.

ನಿಮ್ಮ ಮಿಕ್ಸಿನ ತೆಳ್ಳಗಿನ ಸದ್ದಿನ ಬಗ್ಗೆ ನನಗೊಂದು ಅನುಮಾನ ಇದೆ. ‘ಬೇಸ್, ಕಿಕ್ ಬಿಟ್ಟು ಎಲ್ಲದಕ್ಕೂ ಹೈಪಾಸ್ ಫಿಲ್ಟರ್ ಹಾಕು’ ಅನ್ನುವ ಸಲಹೆ ಎಲ್ಲರ ಬಾಯಲ್ಲೂ ಇದೆ. ಗಿಟಾರು, ಕೀಬೋರ್ಡು, ದನಿ ಎಲ್ಲದರ ತಳವನ್ನೂ 150, 200 ಹರ್ಟ್ಸ್‌ವರೆಗೆ ಕತ್ತರಿಸಿದ್ದೀರಾ? ಹಾಗಿದ್ದರೆ ಈ ಸಂಜೆ ಆ ಫಿಲ್ಟರ್‌ಗಳನ್ನೆಲ್ಲ ಆಫ್ ಮಾಡಿ ಒಮ್ಮೆ ಹಾಡು ಕೇಳಿ. ಆಮೇಲೆ ನಿಜಕ್ಕೂ ಗದ್ದಲ ಮಾಡುತ್ತಿರುವ ಟ್ರ್ಯಾಕುಗಳಿಗೆ ಮಾತ್ರ ಒಂದೊಂದಾಗಿ ವಾಪಸ್ ಹಾಕುತ್ತಾ ಬನ್ನಿ. ನನ್ನ ಆ ಮೂವತ್ತು ಚಿಲ್ಲರೆ ಟ್ರ್ಯಾಕಿನ ಹಾಡಿಗೂ ಕೊನೆಗೆ ಮಾಡಿದ್ದು ಇದನ್ನೇ. ಬಂಡಲ್‌ನಲ್ಲಿ ಉಳಿದದ್ದು ದನಿಯ ಮೇಲೊಂದು ಕಂಪ್ರೆಸರು, ಬೇಸ್ ಮೇಲೊಂದು ಸ್ಯಾಚುರೇಶನ್ನು.