ಕೋಶಗಳು ಹಸಿರಾಗಿವೆ, ವೆಕ್ಟರ್ ಮಾತ್ರ ಕಡಿಮೆ: ಏಕೆ?

ಓದುಗರ ಪ್ರಶ್ನೆ: ಸಸ್ಪೆನ್ಷನ್ ಕಲ್ಚರ್‌ನಲ್ಲಿ (ದ್ರವದಲ್ಲಿ ತೇಲುವಂತೆ) ಬೆಳೆಸಿದ ಎಚ್‌ಇಕೆ 293 ಎಂಬ ಮಾನವ ಕೋಶಗಳಿಗೆ ಪಿಇಐ (ಡಿಎನ್‌ಎಯನ್ನು ಕೋಶದೊಳಗೆ ಸಾಗಿಸುವ ಪಾಲಿಮರ್) ಬಳಸಿ ಮೂರು ಪ್ಲಾಸ್ಮಿಡ್ (ಉಂಗುರಾಕಾರದ ಡಿಎನ್‌ಎ) ಸೇರಿಸುತ್ತೇವೆ. ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಪ್ಲಾಸ್ಮಿಡ್ ಹಾಕಿ ನೋಡಿದರೆ ಶೇ 85ರಷ್ಟು ಕೋಶಗಳು ಹಸಿರು. ಆದರೂ ಎಎವಿ (ಚಿಕಿತ್ಸೆಯ ಜೀನ್ ಹೊತ್ತೊಯ್ಯುವ ವೆಕ್ಟರ್ ಆಗಿ ಬಳಸುವ ವೈರಸ್) ಇಳುವರಿ ಮೇಲೇಳುತ್ತಿಲ್ಲ. ಪಿಇಐ ಇನ್ನೂ ಹೆಚ್ಚಿಸಬೇಕೆ?

ಸದ್ಯಕ್ಕೆ ಪಿಇಐ ತಂಟೆಗೆ ಹೋಗಬೇಡಿ. ಒಂದು ಪ್ಲಾಸ್ಮಿಡ್‌ನ ಕೆಲವು ಪ್ರತಿಗಳು ಕೋಶಕೇಂದ್ರ ಮುಟ್ಟಿವೆ ಎಂಬುದನ್ನಷ್ಟೇ ಜಿಎಫ್‌ಪಿ ಎಣಿಕೆ ಹೇಳುತ್ತದೆ. ಹಸಿರಾಗಲು ಅಷ್ಟು ಸಾಕು. ಎಎವಿಗೆ ಮೂರೂ ಒಂದೇ ಕೋಶದೊಳಗೆ, ಸಾಲುವಷ್ಟು ಬೇಕು: ಅಡೆನೊವೈರಸ್‌ನ ಇ2ಎ, ಇ4, ವಿಎ ಆರ್‌ಎನ್‌ಎ ಒದಗಿಸುವ ಹೆಲ್ಪರ್, ಎಎವಿಯ ನಕಲು ಮತ್ತು ಹೊರಕವಚದ ಜೀನ್‌ಗಳಿರುವ ರೆಪ್-ಕ್ಯಾಪ್, ಎರಡು ಐಟಿಆರ್ (ಎಎವಿ ಜೀನೋಮಿನ ಕೊನೆಗಳು) ತುದಿಗಳ ನಡುವೆ ಚಿಕಿತ್ಸೆಯ ಜೀನ್ ಹೊತ್ತದ್ದು. (ಇ1 ಮಾತ್ರ ಎಚ್‌ಇಕೆ 293 ಕೋಶದಲ್ಲಿ ಮೊದಲೇ ಇದೆ.) ಹಸಿರು ಕಡಿಮೆ ಇದ್ದ ಫ್ಲಾಸ್ಕ್ ಹೆಚ್ಚು ವೆಕ್ಟರ್ ಕೊಡುವುದೂ ಉಂಟು. ಆಯ್ಕೆಗೆ ಅಳತೆಗೋಲು ವೆಕ್ಟರ್ ಜೀನೋಮ್‌ಗಳ ಸಂಖ್ಯೆಯೇ ಆಗಬೇಕು.

ಈ ಸಂಖ್ಯೆಯ ತೂಕ ತಿಳಿಯಲು ಒಂದು ಉದಾಹರಣೆ. ಅಮೆರಿಕದಲ್ಲಿ 2019ರಲ್ಲಿ ಅನುಮತಿ ಪಡೆದ, ಎಳೆಯ ಮಕ್ಕಳಿಗೆ ಎಎವಿ ಮೂಲಕ ಕೊಡುವ ಜೀನ್ ಚಿಕಿತ್ಸೆ ಝೋಲ್ಗೆನ್ಸ್ಮಾದ ಡೋಸ್ ದೇಹತೂಕದ ಪ್ರತಿ ಕಿಲೋಗೆ 1.1×10¹⁴ ಜೀನೋಮ್. ಲೀಟರಿಗೆ 10¹⁴ ಕೊಡುವ ಕಲ್ಚರ್ ಚೆನ್ನಾಗಿದೆ ಎನ್ನಬಹುದು. ಅಂದರೆ 5 ಕಿಲೋ ಮಗುವಿಗೆ, ಶುದ್ಧೀಕರಣದಲ್ಲಾಗುವ ನಷ್ಟ ಬಿಟ್ಟರೂ, ಐದು ಲೀಟರಿಗೂ ಹೆಚ್ಚು ಬೇಕು.

ಮೊದಲು ಅಳತೆಯನ್ನೇ ಅನುಮಾನಿಸಿ. ಕೋಶಗಳನ್ನು ಒಡೆದ ಮೇಲೆ ಉಳಿದ ಪ್ಲಾಸ್ಮಿಡ್ಡನ್ನು ನ್ಯೂಕ್ಲಿಯೇಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ಪೂರ್ತಿ ಕತ್ತರಿಸದಿದ್ದರೆ ಪಿಸಿಆರ್ ಅದನ್ನೂ ವೆಕ್ಟರ್ ಎಂದೇ ಎಣಿಸುತ್ತದೆ. ಆಗ ಡಿಎನ್‌ಎ ಹೆಚ್ಚಿಸಿದಂತೆಲ್ಲ ಇಳುವರಿಯೂ ಏರಿದಂತೆ ಕಾಣುತ್ತದೆ. ಪ್ರತಿ ಪ್ರಯೋಗದಲ್ಲೂ ರೆಪ್-ಕ್ಯಾಪ್ ಬಿಟ್ಟು, ಅದರ ಬದಲು ಅಷ್ಟೇ ತೂಕದ ಬೇರೊಂದು ಪ್ಲಾಸ್ಮಿಡ್ ಹಾಕಿದ ಫ್ಲಾಸ್ಕ್ ಒಂದಿರಲಿ. ಅಲ್ಲಿ ಬರುವ ‘ಇಳುವರಿ’ ಎಲ್ಲವೂ ಸುಳ್ಳು. ಕೊಯ್ಲನ್ನೂ ನೋಡಿ: ಎಎವಿ2 ಬಹುಪಾಲು ಕೋಶದೊಳಗೇ ಉಳಿಯುತ್ತದೆ, ಎಎವಿ8 ಮತ್ತು 9 ದೊಡ್ಡ ಪ್ರಮಾಣದಲ್ಲಿ ಮಾಧ್ಯಮಕ್ಕೆ ಬರುತ್ತವೆ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವ ಚೆಲ್ಲುತ್ತಿದ್ದರೆ ವೆಕ್ಟರ್ ಸಿಂಕಿಗೆ ಹೋಗುತ್ತಿದೆ.

ಆಮೇಲೆ ಪ್ಲಾಸ್ಮಿಡ್. ಐಟಿಆರ್ ತುದಿಗಳು ಬ್ಯಾಕ್ಟೀರಿಯಾದಲ್ಲಿ ಬೆಳೆಯುವಾಗಲೇ ಕಳಚಿಹೋಗಬಹುದು. ಪ್ರತಿ ಹೊಸ ತಯಾರಿಯನ್ನೂ ಐಟಿಆರ್ ಒಳಗೆ ಕತ್ತರಿಸುವ ಸ್ಮಾ-1 ಕಿಣ್ವದಿಂದ ಕತ್ತರಿಸಿ ಜೆಲ್ ಮೇಲೆ ನೋಡಿ. ಪುನಸ್ಸಂಯೋಜನೆ ಕಡಿಮೆ ಇರುವ ಇ. ಕೋಲಿ ತಳಿಯನ್ನು 30 ಡಿಗ್ರಿಯಲ್ಲಿ ಬೆಳೆಸಿದರೆ ನಷ್ಟ ತಗ್ಗುತ್ತದೆ. ಐಟಿಆರ್ ಸೇರಿಸಿ ಜೀನೋಮ್ ಸುಮಾರು 4.7 ಕಿಲೋಬೇಸ್ ಮೀರಿದ್ದರೆ ಟ್ರಾನ್ಸ್‌ಫೆಕ್ಷನ್ (ಕೋಶಕ್ಕೆ ಡಿಎನ್‌ಎ ಸೇರಿಸುವುದು) ಎಷ್ಟು ಸುಧಾರಿಸಿದರೂ ಪೂರ್ಣ ಕಣಗಳು ಸಿಗವು.

ಅನುಪಾತದಲ್ಲಿ ಬಹಳ ಮಂದಿ ಎಡವುತ್ತಾರೆ. ಮೂರನ್ನೂ ಸಮತೂಕ ಹಾಕಿದರೆ ಪ್ರತಿಗಳ ಸಂಖ್ಯೆ ಸಮವಾಗದು, ಏಕೆಂದರೆ ಹೆಲ್ಪರ್ ದೊಡ್ಡದು. 30 ಮಿಲಿಲೀಟರ್ ಕಲ್ಚರ್, ಮಿಲಿಲೀಟರಿಗೆ 20 ಲಕ್ಷ ಕೋಶ ಎಂದುಕೊಳ್ಳಿ; ಒಟ್ಟು 6 ಕೋಟಿ. ಹತ್ತು ಲಕ್ಷಕ್ಕೆ 1 ಮೈಕ್ರೋಗ್ರಾಂನಂತೆ 60 ಮೈಕ್ರೋಗ್ರಾಂ ಡಿಎನ್‌ಎ. ಹೆಲ್ಪರ್ 12, ರೆಪ್-ಕ್ಯಾಪ್ 7.5, ಜೀನ್ ಪ್ಲಾಸ್ಮಿಡ್ 6 ಕಿಲೋಬೇಸ್ ಇದ್ದರೆ ಮೋಲಾರ್ 1:1:1ಕ್ಕೆ ಕ್ರಮವಾಗಿ 28, 18, 14 ಮೈಕ್ರೋಗ್ರಾಂ. ಇದು ಆರಂಭದ ಬಿಂದು ಅಷ್ಟೇ. ಸೂಕ್ತ ಅನುಪಾತ ಸೀರೊಟೈಪಿನಿಂದ ಸೀರೊಟೈಪಿಗೆ (ಎಎವಿ2, ಎಎವಿ8ರಂಥ ಬಗೆಗಳು) ಬದಲಾಗುತ್ತದೆ. ಜೀನ್ ಪ್ಲಾಸ್ಮಿಡ್ ತೀರಾ ಕಡಿಮೆಯಾದರೆ ಖಾಲಿ ಕ್ಯಾಪ್ಸಿಡ್‌ಗಳ (ಒಳಗೆ ಜೀನೋಮ್ ಇಲ್ಲದ ವೈರಸ್ ಕವಚಗಳು) ಪಾಲು ಏರಬಹುದು. ಆದ್ದರಿಂದ ಜೀನೋಮ್ ಜೊತೆಗೆ ಎಲಿಸಾದಿಂದ (ಪ್ರತಿಕಾಯ ಬಳಸುವ ಪರೀಕ್ಷೆ) ಕ್ಯಾಪ್ಸಿಡ್ಡನ್ನೂ ಎಣಿಸಿ.

ಈಗ ಪಿಇಐ. ಡಿಎನ್‌ಎಗೆ ಹೋಲಿಸಿ ತೂಕದಲ್ಲಿ ಎರಡರಷ್ಟು, ಅಂದರೆ ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ದ್ರಾವಣ 120 ಮೈಕ್ರೋಲೀಟರ್. ಒಟ್ಟು ಮಿಶ್ರಣ ಕಲ್ಚರ್‌ನ ಶೇ 10: ಡಿಎನ್‌ಎ 1.5 ಮಿಲಿಲೀಟರಿನಲ್ಲಿ, ಪಿಇಐ 1.5 ಮಿಲಿಲೀಟರಿನಲ್ಲಿ, ಎರಡೂ ತಾಜಾ ಮಾಧ್ಯಮದಲ್ಲಿ. ಪಿಇಐಯನ್ನು ಒಂದೇ ಸಲಕ್ಕೆ ಡಿಎನ್‌ಎಗೆ ಸುರಿದು ಹತ್ತು ಸೆಕೆಂಡ್ ಚೆನ್ನಾಗಿ ಬೆರೆಸಿ, ಕೋಣೆಯ ತಾಪದಲ್ಲಿ 10ರಿಂದ 15 ನಿಮಿಷ ಬಿಡಿ. ನಂತರ ವೋರ್ಟೆಕ್ಸ್ ಬೇಡ. ಕಲ್ಚರ್ ಅಲುಗಾಡುತ್ತಿರುವಾಗಲೇ ಹಾಕಿ, 72 ಗಂಟೆಗೆ ಕೊಯ್ಯಿರಿ.

ಈ ಹತ್ತು-ಹದಿನೈದು ನಿಮಿಷವೇ ಇಡೀ ಕೆಲಸದ ಸೂಕ್ಷ್ಮ ಜಾಗ. ಉಪ್ಪಿರುವ ದ್ರವದಲ್ಲಿ ಡಿಎನ್‌ಎ-ಪಿಇಐ ಸಂಕೀರ್ಣಗಳು ಕ್ಷಣಕ್ಷಣಕ್ಕೂ ಬೆಳೆಯುತ್ತವೆ. ತೀರಾ ಸಣ್ಣವು ಕೋಶದ ಮೇಲೆ ಸರಿಯಾಗಿ ಕೂರುವುದಿಲ್ಲ. ಮೈಕ್ರೋಮೀಟರ್ ದಾಟಿ ಬೆಳೆದವು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತವೆ, ಕೋಶಗಳನ್ನೂ ಕೊಲ್ಲುತ್ತವೆ. ಡಿಎನ್‌ಎಗೆ ಅಂಟದೆ ಉಳಿದ ಪಿಇಐ, ಡಿಎನ್‌ಎ ಎಂಡೋಸೋಮಿನಿಂದ (ಕೋಶ ಹೊರಗಿನದನ್ನು ಒಳಗೆಳೆದುಕೊಳ್ಳುವ ಚೀಲ) ಹೊರಬರಲು ನೆರವಾಗುತ್ತದೆ, ಆದರೆ ಅದೇ ವಿಷವೂ ಹೌದು. ನಿಮ್ಮ ಪ್ರಶ್ನೆಗೆ ಮೊದಲೇ ಬೇಡವೆಂದದ್ದು ಇದಕ್ಕೇ. ಹತ್ತು ಲಕ್ಷ ಕೋಶಕ್ಕೆ ಡಿಎನ್‌ಎ 0.5, 0.75, 1 ಮೈಕ್ರೋಗ್ರಾಂ. ಪಿಇಐ ಅನುಪಾತ 1, 1.5, 2, 3. ಕಾಯುವ ಸಮಯ 5, 10, 15 ನಿಮಿಷ. ಇವನ್ನು ಒಂದೊಂದಾಗಿ ಅಲ್ಲ, ಒಟ್ಟೊಟ್ಟಿಗೆ ಬದಲಿಸುವ ಪ್ರಯೋಗ ವಿನ್ಯಾಸ ಮಾಡಿ. ಒಂದು ಬದಲಾದರೆ ಇನ್ನೊಂದರ ಸರಿ ಬಿಂದುವೂ ಜರುಗುತ್ತದೆ.

ಕೋಶಗಳ ಬಗ್ಗೆ ಹೆಚ್ಚೇನಿಲ್ಲ: ವೇಗವಾಗಿ ಬೆಳೆಯುವ ಹಂತದಲ್ಲಿರಲಿ, ಜೀವಂತಿಕೆ ಶೇ 95 ಮೀರಿರಲಿ. ಮಾಧ್ಯಮದಲ್ಲಿ ಗಂಟು ಕಟ್ಟದಂತೆ ಡೆಕ್ಸ್‌ಟ್ರಾನ್ ಸಲ್ಫೇಟ್ ಅಥವಾ ಹೆಪರಿನ್ ಬೆರೆಸಿದ್ದರೆ, ಆ ಋಣ ಆವೇಶದ ಅಣುಗಳು ಪಿಇಐಯನ್ನು ಹಿಡಿದುಬಿಡುತ್ತವೆ. ಟ್ರಾನ್ಸ್‌ಫೆಕ್ಷನ್‌ಗೆ ಮುನ್ನ ಮಾಧ್ಯಮ ಬದಲಿಸಿ. ಸೋಡಿಯಂ ಬ್ಯುಟಿರೇಟ್, ವಾಲ್ಪ್ರೊಯಿಕ್ ಆಮ್ಲದಂಥ ವರ್ಧಕಗಳು ಕೆಲವು ವೆಕ್ಟರ್‌ಗಳಿಗೆ ಒಳ್ಳೆಯವು, ಆದರೆ ಮೂಲ ಕ್ರಮ ಗಟ್ಟಿಯಾಗುವ ಮೊದಲು ಅವನ್ನು ಹಾಕಿದರೆ ಏನು ಕೆಲಸ ಮಾಡಿತೆಂದೇ ತಿಳಿಯದು.

ಫ್ಲಾಸ್ಕಿನಲ್ಲಿ ಗೆದ್ದದ್ದು ದೊಡ್ಡ ಬಯೊರಿಯಾಕ್ಟರಿನಲ್ಲಿ ಸೋಲುವುದು ಸಾಮಾನ್ಯ. 200 ಲೀಟರಿಗೆ ಶೇ 10 ಎಂದರೆ 20 ಲೀಟರ್ ಮಿಶ್ರಣ. ಪಂಪಿಗೆ 40 ನಿಮಿಷ ಹಿಡಿದರೆ ಮೊದಲ ಹನಿಯ ವಯಸ್ಸು 10 ನಿಮಿಷ, ಕೊನೆಯದರದ್ದು 50. ಮಿಶ್ರಣವನ್ನು ಶೇ 5ಕ್ಕೆ ಇಳಿಸಿ ವೇಗದ ಪಂಪ್ ಬಳಸುವುದು ಒಂದು ದಾರಿ, ಆದರೆ ಸಾಂದ್ರತೆ ಹೆಚ್ಚಿದಂತೆ ಕಣಗಳೂ ಬೇಗ ಬೆಳೆಯುವುದರಿಂದ ಕಾಯುವ ಸಮಯವನ್ನು ಮತ್ತೆ ಗೊತ್ತುಮಾಡಬೇಕು. ಇನ್ನೂ ಒಳ್ಳೆಯದು, ಡಿಎನ್‌ಎ ಮತ್ತು ಪಿಇಐ ಎರಡನ್ನೂ ಬೇರೆ ಬೇರೆ ಚೀಲಗಳಿಂದ ಹರಿಸಿ, ಕೊಳವೆಯೊಳಗಿನ ಸ್ಟ್ಯಾಟಿಕ್ ಮಿಕ್ಸರಿನಲ್ಲಿ ಬೆರೆಸಿ, ನಿಗದಿತ ಉದ್ದದ ಕೊಳವೆ ದಾಟಿಸಿ ರಿಯಾಕ್ಟರಿಗೆ ಬಿಡುವುದು. ಕೊಳವೆಯಲ್ಲಿ ಹಿಡಿಯುವ ದ್ರವದ ಪ್ರಮಾಣವನ್ನು ನಿಮಿಷಕ್ಕೆ ಹರಿಯುವ ಪ್ರಮಾಣದಿಂದ ಭಾಗಿಸಿದರೆ ಸಂಕೀರ್ಣದ ವಯಸ್ಸು ಸಿಗುತ್ತದೆ, ಮತ್ತು ಅದು ಮೊದಲ ಲೀಟರಿಗೂ ಕೊನೆಯ ಲೀಟರಿಗೂ ಒಂದೇ.