ನೀರುಕಾಗೆ ನಿಂತಲ್ಲಿ ಬೊಡ್ಡೆ ಇದೆ

ದೋಣಿ ಓಡಿಸಲು ಕಲಿಯಬಂದ ಹುಡುಗರಿಗೆ ಬೇಸಿಗೆಯಲ್ಲಿ ನಾನು ಮೊದಲು ಕೇಳುವುದು, "ಇವತ್ತು ಡ್ಯಾಮಿನ ಮಟ್ಟ ಎಷ್ಟು?" ಬಹಳ ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಪೇಪರಿನಲ್ಲಿ ಬರುವ ಆ ಅಂಕಿ ಕರೆಂಟಿನವರಿಗೆ ಎಂದು ಅವರ ಎಣಿಕೆ. ಶರಾವತಿ ಹಿನ್ನೀರಿನಲ್ಲಿ ಬೋಟು ಹಿಡಿಯುವವನಿಗೆ ದಾರಿ ತೋರುವುದೇ ಆ ಅಂಕಿ.

ಈ ಹಿನ್ನೀರು ನಿಲ್ಲಿಸಿದ ಲಿಂಗನಮಕ್ಕಿ ಡ್ಯಾಮಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. 1964ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಕಾಡು, ಗದ್ದೆ, ತೋಟ, ಮನೆ ಎಲ್ಲ ಅಡಿಗೆ ಹೋದವು. ಕಡಿದ ಮರಗಳ ಬೊಡ್ಡೆಗಳು ಇನ್ನೂ ಅಲ್ಲೇ ಇವೆ. ನೀರಿನಡಿ ಗಾಳಿ ಸೋಕದ ಮರ ಬೇಗ ಕೊಳೆಯುವುದಿಲ್ಲ. ಫೈಬರ್ ಬೋಟಿನ ತಳ ಸೀಳುವಷ್ಟು ಗಟ್ಟಿತನ ಇನ್ನೂ ಉಳಿದಿದೆ. ಬೇಸಿಗೆಯಲ್ಲಿ ಟರ್ಬೈನು ಹೆಚ್ಚು ತಿರುಗಿದಷ್ಟೂ ನೀರು ಬೇಗ ಇಳಿಯುತ್ತದೆ. ಮಳೆ ಕೈಕೊಟ್ಟ ವರ್ಷ ಮಟ್ಟ ಐವತ್ತು ಅಡಿಗೂ ಹೆಚ್ಚು ಕುಸಿದು, ಇದೇ ನೀರಿನಲ್ಲಿ ಮುಳುಗಿದ 1948ರ ಹಿರೇಭಾಸ್ಕರ ಅಣೆಕಟ್ಟು ಮತ್ತೆ ಮೇಲೆ ಕಾಣುತ್ತದೆ. ಅದನ್ನು ನೋಡಲು ಜನ ಬರುತ್ತಾರೆ. ಬೋಟಿನಲ್ಲೂ ಬರುತ್ತಾರೆ.

ನೀರು ತೀರಾ ತಳ ಕಂಡಾಗ ಎಲ್ಲರಿಗೂ ಹೆದರಿಕೆ. ನನಗೆ ಹೆದರಿಕೆ ಅದಕ್ಕೆ ಮೊದಲಿನ ವಾರಗಳದ್ದು. ಬೊಡ್ಡೆ ಹೊರಗೆ ಬಂದರೆ ಕಣ್ಣಿಗೆ ಕಾಣುತ್ತದೆ. ಆರಡಿ ಕೆಳಗಿದ್ದರೆ ತಾಗುವುದಿಲ್ಲ. ಒಂದು ಗೇಣು ನೀರು ಹೊದ್ದು ಕೂತದ್ದೇ ಆಪತ್ತು. ಕಳೆದ ವಾರ ಆರಾಮಾಗಿ ಹೋಗಿಬಂದ ದಾರಿಯಲ್ಲೇ ಅದು ಕೂತಿರುತ್ತದೆ.

ಅದಕ್ಕೇ ಒಂದು ನೋಟ್‌ಬುಕ್ ಇಡಿ ಎನ್ನುತ್ತೇನೆ. ಒಂದು ಬೊಡ್ಡೆಯ ತುದಿ ಮೊದಲ ಸಲ ಕಂಡ ದಿನ ಮಟ್ಟ 1772 ಇತ್ತೆಂದುಕೊಳ್ಳಿ. ಬರೆದಿಡಿ. ಮುಂದಿನ ವರ್ಷ ಮಟ್ಟ 1774ಕ್ಕೆ ಇಳಿದ ದಿನ ಅದೇ ಬೊಡ್ಡೆ ಎರಡಡಿ ಕೆಳಗಿರುತ್ತದೆ. ಜನ ತುಂಬಿದ ಬೋಟಿನ ಪ್ರೊಪೆಲ್ಲರ್ ತಿರುಗುವುದೂ ಹೆಚ್ಚುಕಡಿಮೆ ಅಷ್ಟೇ ಆಳದಲ್ಲಿ. ಅಂಥ ದಿನ ಎಂಟು ಜನರನ್ನು ಹತ್ತಿಸುವಲ್ಲಿ ಐದು ಜನರನ್ನು ಹತ್ತಿಸಿ. ಭಾರ ಕಡಿಮೆಯಾದಷ್ಟು ಬೋಟು ಮೇಲೇಳುತ್ತದೆ.

ಜನರನ್ನು ಹಿನ್ನೀರು ದಾಟಿಸುವ ಲಾಂಚು ಓಡಿಸಿದ ಹಳಬರಿಗೆ ಈ ಲೆಕ್ಕ ಬಾಯಿಪಾಠ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಯಿತು, ತುಮರಿ ಕಡೆಯವರ ಕಷ್ಟ ಕಳೆಯಿತು, ಒಳ್ಳೆಯದೇ. ಆದರೆ ಆ ಲಾಂಚಿನವರ ತಲೆಯಲ್ಲಿದ್ದ ನಕ್ಷೆಯನ್ನು ಯಾರಾದರೂ ಬರೆದುಕೊಳ್ಳಬೇಕಿತ್ತು ಅನಿಸುತ್ತದೆ. ಅವರಲ್ಲೊಬ್ಬರು ನನಗೆ ಹೇಳಿದ್ದು: "ನೀರುಕಾಗೆ ನೀರಿನ ಮೇಲೆ ನಿಂತಂಗೆ ಕಂಡ್ರೆ ಅತ್ಲಾಗೆ ಹೋಗ್ಬ್ಯಾಡಿ ಮಾರಾಯ್ರೆ, ಕಾಲಡಿ ಬೊಡ್ಡೆ ಇರ್ತದೆ."

ಹಾಗೆಯೇ ದಡವನ್ನೂ ನೋಡಿ. ಇಳಿಜಾರು ಕಡಿದಾಗಿದ್ದರೆ ನೀರಿನೊಳಗೂ ಸಾಮಾನ್ಯವಾಗಿ ಹಾಗೇ ಇಳಿದಿರುತ್ತದೆ, ಆಳ ಸಿಗುತ್ತದೆ. ದಡ ಗದ್ದೆಯಂತೆ ಚಪ್ಪಟೆಯಾಗಿದ್ದರೆ ತುಂಬ ದೂರದವರೆಗೆ ಮೊಣಕಾಲುದ್ದವೇ. ಇಲ್ಲಿನ ನಡುಗಡ್ಡೆಗಳು ಮುಳುಗಿದ ಗುಡ್ಡಗಳ ನೆತ್ತಿ. ಹತ್ತಿರದ ಎರಡು ನಡುಗಡ್ಡೆಗಳ ನಡುವೆ ನುಸುಳುವ ಆಸೆ ಬೇಡ, ಗುಡ್ಡದ ಬೆನ್ನು ಅಲ್ಲೇ ಹಾದುಹೋಗಿರುವ ಸಂಭವ ಹೆಚ್ಚು. ಸುತ್ತಾದರೂ ಹಳೆಯ ಹೊಳೆಯ ಪಾತ್ರವನ್ನೇ ಹಿಡಿಯಿರಿ. ಸಂಜೆ ಬಿಸಿಲಿಗೆ ಎದುರಾಗಿ ಬೋಟು ಬಿಡುವುದನ್ನು ನಾನಂತೂ ಬಿಟ್ಟೇಬಿಟ್ಟಿದ್ದೇನೆ; ನೀರೆಲ್ಲ ಕನ್ನಡಿಯಾಗಿ ಏನೂ ಕಾಣುವುದಿಲ್ಲ.

ಆಳ ತೋರುವ ಯಂತ್ರ ಇದೆಯಲ್ಲ ಸಾರ್ ಎನ್ನುತ್ತಾರೆ. ಇರಲಿ. ಸಾಮಾನ್ಯವಾಗಿ ಅದನ್ನು ಕೂರಿಸುವುದು ಬೋಟಿನ ಹಿಂಬದಿಗೆ, ಅದು ನೋಡುವುದು ನೇರ ಕೆಳಕ್ಕೆ. ಬೊಡ್ಡೆಯ ಸುದ್ದಿ ಅದು ಹೇಳುವ ಹೊತ್ತಿಗೆ ಮೂತಿ ತಾಗಿಯಾಗಿರುತ್ತದೆ. ಅಡಿಗೊಂದು ಬಣ್ಣದ ಗೆರೆ ಎಳೆದ ಬಿದಿರಿನ ಗಳು ಹಿಡಿದು ಮುಂದೆ ಕೂತವನೇ ವಾಸಿ. ಎಂಜಿನ್ ನಡಿಗೆಯ ವೇಗದಲ್ಲಿರಲಿ.

ತಾಗಿತು ಎಂದಾದರೆ? ಮೊದಲು ಎಂಜಿನ್ ಆಫ್. ರಿವರ್ಸ್ ಹಾಕಿ ರೊಂಯ್ಯೆನಿಸಬೇಡಿ. ಎಂಜಿನ್ ತಂಪಾಗಲು ಎಳೆಯುವ ನೀರಿನ ಜತೆ ಕೆಸರು ಒಳಹೋಗುತ್ತದೆ, ತಳ ಸೀಳಿದ್ದರೆ ಸೀಳು ದೊಡ್ಡದಾಗುತ್ತದೆ. ತಳದಲ್ಲಿ ನೀರು ಬರುತ್ತಿದೆಯೇ ನೋಡಿ. ಇಲ್ಲವಾದರೆ ಎಂಜಿನ್ ಮೇಲಕ್ಕೆತ್ತಿ, ಮುಂದಿನವರನ್ನು ಒಬ್ಬೊಬ್ಬರಾಗಿ ಹಿಂದೆ ಕೂರಿಸಿ, ಗಳುವಿನಿಂದ ಬಂದ ದಾರಿಗೇ ಹಿಂದೆ ನೂಕಿ. ಇನ್ನು, ಜೋರಾಗಿ ತಾಗಿದರೆ ಮೊದಲು ಹಾರಿ ಬೀಳುವವನು ಚಾಲಕ. ಕಿಲ್ ಸ್ವಿಚ್ಚಿನ ದಾರ ಅವನ ಮೈಗೆ ಸಿಕ್ಕಿಸಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ. ನಮ್ಮಲ್ಲಿ ಅದು ಹ್ಯಾಂಡಲಿಗೆ ಗಂಟು ಹಾಕಿಕೊಂಡೇ ಇರುತ್ತದೆ! ಲೈಫ್ ಜಾಕೆಟ್ಟಿನ ಕತೆಯೂ ಅಷ್ಟೇ. ಬಕಲ್ ಹಾಕದೆ ಹೆಗಲಿಗೇರಿಸಿದ್ದು ನೀರಿಗೆ ಬಿದ್ದಾಗ ಕಳಚಿ ತೇಲುತ್ತದೆ, ಮನುಷ್ಯ ಕೆಳಗೆ.

"ಇಲ್ಲಿ ಸೊಂಟದುದ್ದ ನೀರು, ಇಳಿದು ನಡೀತೀವಿ" ಎನ್ನುವ ಪ್ರವಾಸಿಗರನ್ನು ದಯವಿಟ್ಟು ಇಳಿಸಬೇಡಿ. ದಡದಲ್ಲಿ ಒಣಗಿ ಬಿರಿದ ಮಣ್ಣು ಕಂಡರೂ ಅಡಿಯಲ್ಲಿ ತೊಡೆಯುದ್ದ ಹೂಳು. ಮುಳುಗಡೆಯಾದ ಮನೆಗಳ ಬಾವಿಗಳೂ ಆ ನೀರಿನೊಳಗಿವೆ.

ಜೂನಿನಲ್ಲಿ ಮಳೆ ಹಿಡಿದು ನೀರು ಏರತೊಡಗಿದಾಗ ಎಲ್ಲರೂ ನಿರಾಳ. ನಾನು ಮಾತ್ರ ನೋಟ್‌ಬುಕ್ ಮತ್ತೆ ತೆಗೆಯುತ್ತೇನೆ. ಬೇಸಿಗೆಯಿಡೀ ಮೇಲೆ ಕಂಡ ಬೊಡ್ಡೆಗಳೆಲ್ಲ ನೀರು ಏರಿದಂತೆ ಒಂದೊಂದಾಗಿ ಒಂದು ಗೇಣಿನ ಅಡಿಗೆ ಹೋಗುತ್ತವೆ. ಆಗ ನೀರು ಕೆಂಪು, ಕಣ್ಣಿಗೇನೂ ಕಾಣದು. ನೀರುಕಾಗೆಗೂ ನಿಲ್ಲಲು ಜಾಗವಿರುವುದಿಲ್ಲ.